ಗಂಟಲಿನ ತಡಮೆ

(ಪುತ್ತೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಸಾಹಿತ್ಯವನ್ನೂ ತಾಳಮದ್ದಳೆಯನ್ನೂ ಸಹಕಾರ ಚಳವಳಿಯನ್ನೂ ಕುರಿತು ಬಲ್ಲವರು ಮಾತನಾಡಿ ಹೋದ ಈ ವೇದಿಕೆಯ ಮೇಲೆ, ಆಯುಷ್ಯದ ಬಹುಭಾಗವನ್ನು ಗಾಜಿನ ತಟ್ಟೆಗಳಲ್ಲಿ ಸೂಕ್ಷ್ಮಾಣುಗಳನ್ನು ಸಾಕುತ್ತ ಕಳೆದ ನನ್ನಂಥವನನ್ನು ತಂದು ನಿಲ್ಲಿಸಿದುದು ವ್ಯವಸ್ಥಾಪಕರ ಔದಾರ್ಯವೋ ಸಾಹಸವೋ ನಾನರಿಯೆ. ಈ ಊರಿನಲ್ಲಿ ವಿಜ್ಞಾನವನ್ನು ಕನ್ನಡದಲ್ಲಿ ಹೇಳಹೊರಡುವವನಿಗೆ ಧೈರ್ಯವೂ ಅಧೈರ್ಯವೂ ಏಕಕಾಲದಲ್ಲಿ ಉಂಟಾಗುವುದು ಸಹಜ. ಏಕೆಂದರೆ ಇಲ್ಲಿಯ ಬಾಲವನದಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ‘ಬಾಲ ಪ್ರಪಂಚ’ವನ್ನೂ ಅನಂತರ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಬರೆದು, ಇಂತಹ ಸಂಗತಿಗಳನ್ನು ಕನ್ನಡದಲ್ಲಿ ಹೇಳಲಾಗದೆಂಬ ನೆವವನ್ನು ನಮ್ಮೆಲ್ಲರ ಕೈಯಿಂದ ಕಸಿದುಕೊಂಡಿದ್ದಾರೆ.

ನಾನು ಆರಿಸಿಕೊಂಡ ವಿಷಯವು ಎಚ್‌ಐವಿ ಸೋಂಕಿನೊಡನೆ ಬದುಕುತ್ತಿರುವವರ ಗಂಟಲಿನಲ್ಲಿ ವಾಸಮಾಡುವ ಬ್ಯಾಕ್ಟೀರಿಯಗಳು ಹಾಗೂ ಅಲ್ಲಿಯ ಲೋಳೆಪೊರೆಯ ರೋಗರಕ್ಷಣೆ. ಸಾರ್ವಜನಿಕ ಸಭೆಗೆ ಇದು ತೀರ ಸಂಕುಚಿತವೆಂದು ನಿಮಗೆ ತೋರಬಹುದು. ಆದರೆ ಇದರ ಕಡೆಗೆ ನನ್ನ ಗಮನವನ್ನು ಮೊದಲು ತಿರುಗಿಸಿದುದು ಯಾವ ಪ್ರಯೋಗಶಾಲೆಯೂ ಅಲ್ಲ, ಒಂದು ಸ್ಟೀಲಿನ ಲೋಟ. ಬಹಳ ವರ್ಷಗಳ ಹಿಂದೆ, ಕುಮಾರಧಾರೆಯ ಆಚೆಯ ಒಂದು ಹಳ್ಳಿಯಿಂದ ಬಂದ, ಎಚ್‌ಐವಿ ಸೋಂಕಿದ್ದ ತರುಣನೊಬ್ಬನು, ತಪಾಸಣೆಯೆಲ್ಲ ಮುಗಿದು ಬಾಗಿಲವರೆಗೆ ಹೋದವನು, ಮರಳಿ ಬಂದು ಕೇಳಿದನು: “ಡಾಕ್ಟ್ರೇ, ಅಮ್ಮ ನನ್ನ ಲೋಟ ಬೇರೆ ಇಡ್ತಾರೆ, ಜಗಲಿಯ ದಳಿಯಲ್ಲಿ. ಬೇಜಾರೇನಿಲ್ಲ. ಆದ್ರೆ ಅದು ಸರಿಯಾ?” ಉಗುಳಿನಿಂದ ಈ ಸೋಂಕು ಹರಡುವುದಿಲ್ಲ, ಲೋಟವನ್ನು ಒಳಗೆ ಇಡಲು ಹೇಳು ಎಂದು ನಾನು ಅವಸರದಲ್ಲಿ ಉತ್ತರ ಕೊಟ್ಟು ಕಳುಹಿಸಿದೆನು. ಆ ಉತ್ತರವು ಸತ್ಯವಾಗಿದ್ದಿತು. ಆದರೆ ಅರ್ಧ ಮಾತ್ರವಾಗಿದ್ದಿತು. ಉಳಿದರ್ಧವನ್ನು ಹೇಳಿಬಿಡುವುದಕ್ಕಾಗಿಯೇ ಈ ಸಂಜೆಯನ್ನು ಬಳಸಿಕೊಳ್ಳುತ್ತಿದ್ದೇನೆ.

ಉಪ್ಪಿನಂಗಡಿಯಲ್ಲಿ ನೇತ್ರಾವತಿ ಕುಮಾರಧಾರೆಗಳು ಕೂಡುವ ಎಡೆಯನ್ನು ಮಳೆಗಾಲದಲ್ಲಿ ನಿಂತು ನೋಡಿದವರಿಗೆ ಗಂಟಲೆಂಬ ಸ್ಥಾನದ ಸ್ವಭಾವವನ್ನು ವಿವರಿಸುವುದು ಕಷ್ಟವಲ್ಲ. ಮೂಗಿನಿಂದ ಇಳಿಯುವ ಗಾಳಿಯ ಹಾದಿಯೂ ಬಾಯಿಯಿಂದ ಇಳಿಯುವ ಅನ್ನದ ಹಾದಿಯೂ ಅಲ್ಲಿ ಒಂದಾಗಿ, ಮತ್ತೆ ಶ್ವಾಸನಾಳ ಅನ್ನನಾಳಗಳೆಂದು ಕವಲೊಡೆಯುತ್ತವೆ. ಎರಡು ಹೊಳೆಗಳು ಹೊತ್ತುತಂದ ಕಸಕಡ್ಡಿಯೆಲ್ಲ ಸಂಗಮದ ಮರಳಿನಲ್ಲಿ ತಂಗುವಂತೆ, ಉಸಿರಿನೊಡನೆ ಬಂದುದೂ ತುತ್ತಿನೊಡನೆ ಬಂದುದೂ ಒಂದಲ್ಲ ಒಂದು ಗಳಿಗೆ ಅಲ್ಲಿ ತಂಗಿಯೇ ಮುಂದುವರಿಯಬೇಕು. ದಿನವೊಂದಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಸ್ರವಿಸುವ ಜೊಲ್ಲು ಆ ಸಂಗಮವನ್ನು ತೊಳೆಯುತ್ತಲೇ ಇರುತ್ತದೆ. ಹೀಗೆ ತೊಳೆಯುವ ಜೊಲ್ಲಿನ ಒಂದೊಂದು ಮಿಲಿಲೀಟರಿನಲ್ಲಿಯೂ ಸುಮಾರು 10 ಕೋಟಿ ಬ್ಯಾಕ್ಟೀರಿಯಗಳಿರುತ್ತವೆ ಎಂದರೆ, ಬೆಳಗ್ಗೆ ಹಲ್ಲುಜ್ಜಿ ಶುಚಿಯಾದೆವೆಂದು ತಿಳಿಯುವ ನಮ್ಮ ಹೆಮ್ಮೆ ಸ್ವಲ್ಪ ಕುಗ್ಗಬೇಕಾಗುತ್ತದೆ. ಮನುಷ್ಯರ ಬಾಯಿಯಲ್ಲಿ ಇದುವರೆಗೆ ಗುರುತಿಸಿರುವ ಪ್ರಭೇದಗಳು 700ರ ಆಸುಪಾಸಿನಲ್ಲಿವೆ. ಸ್ಟ್ರೆಪ್ಟೊಕಾಕಸ್, ನೈಸೀರಿಯ, ಹಿಮೋಫಿಲಸ್, ವೆಲೊನೆಲ್ಲ, ಪ್ರಿವೊಟೆಲ್ಲ ಮೊದಲಾದ ಇವರ ಹೆಸರುಗಳು ಕಿವಿಗೆ ಪರದೇಶಿಯಾಗಿ ಕೇಳಿಸಿದರೂ ಇವರು ನಮ್ಮೊಡನೆ ಹುಟ್ಟಿದ ದಿನದಿಂದ ಒಕ್ಕಲಿರುವವರು. ಹಾಲೆಂಡಿನ ಬಟ್ಟೆವ್ಯಾಪಾರಿ ಲೇವನ್‌ಹುಕ್‌ನು 1683ರಲ್ಲಿ ತನ್ನ ಹಲ್ಲಿನ ಕಿಟ್ಟವನ್ನು ತಾನೇ ಅರೆದ ಮಸೂರದ ಕೆಳಗಿಟ್ಟು ನೋಡಿ, ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದಾಗಿನಿಂದ ನಾವು ಇವರನ್ನು ಬಲ್ಲೆವು.

ಈ ಒಕ್ಕಲುಗಳ ನಡತೆಯನ್ನು ಕುರಿತು ನನಗೆ ಅತ್ಯಂತ ಪ್ರಿಯವಾದ ಕಥೆಯೊಂದಿದೆ. 1880ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ಲೂಯಿ ಪಾಶ್ಚರನು, ಹುಚ್ಚುನಾಯಿಯ ವಿಷದಿಂದ ಮೃತಪಟ್ಟ ಮಗುವೊಂದರ ಜೊಲ್ಲನ್ನು ಮೊಲಗಳಿಗೆ ಚುಚ್ಚಿದನು, ಮೊಲಗಳು ಸತ್ತವು. ಅವುಗಳ ರಕ್ತದಲ್ಲಿ ಜೋಡಿಜೋಡಿಯಾಗಿ ನಿಂತ ಒಂದು ಬ್ಯಾಕ್ಟೀರಿಯ ಕಾಣಿಸಿತು. ರೇಬೀಸಿನ ಮೂಲವೇ ಇದಿರಬಹುದೆಂಬ ಆಸೆ ಹುಟ್ಟುವಷ್ಟರಲ್ಲಿಯೇ, ಯಾವ ರೋಗವೂ ಇಲ್ಲದವರ ಜೊಲ್ಲಿನಲ್ಲಿಯೂ ಅದು ದೊರೆತು ಆಸೆಯನ್ನು ಮುರಿಯಿತು. ಸರಿಸುಮಾರು ಆ ಕಾಲದಲ್ಲಿಯೇ ಅಮೆರಿಕದ ಸೇನಾವೈದ್ಯ ಜಾರ್ಜ್ ಸ್ಟರ್ನ್‌ಬರ್ಗನು, ಪಾಶ್ಚರನ ಪ್ರಯೋಗದ ಸುದ್ದಿಯನ್ನು ತಿಳಿಯದೆ, ಗಟ್ಟಿಮುಟ್ಟಾಗಿದ್ದ ತನ್ನ ಸ್ವಂತ ಜೊಲ್ಲನ್ನೇ ಮೊಲಗಳಿಗೆ ಚುಚ್ಚಿ ಅದೇ ಪರಿಣಾಮವನ್ನು ಕಂಡನು. 1881ರಲ್ಲಿ ಇಬ್ಬರೂ ಪ್ರಕಟಿಸಿದ ಆ ಜೀವಿಯನ್ನೇ ನಾವು ಇಂದು ನ್ಯುಮೊಕಾಕಸ್ ಎಂದು ಕರೆಯುತ್ತೇವೆ. ನ್ಯುಮೋನಿಯ ಮತ್ತು ಮಿದುಳುಪೊರೆಯ ಉರಿಯೂತಗಳ ಪ್ರಧಾನ ಕಾರಣಗಳಲ್ಲಿ ಅದೊಂದು. ಒಬ್ಬ ವೈದ್ಯನ ಬಾಯಿಯಲ್ಲಿ ಯಾವ ಉಪದ್ರವವನ್ನೂ ಕೊಡದೆ ನೆಮ್ಮದಿಯಾಗಿದ್ದ ಜೀವಿಯೇ ಮೊಲದ ಮೈಯಲ್ಲಿ ಮೃತ್ಯುವಾಯಿತು. ಜೀವಿಯು ಬದಲಾಗಿರಲಿಲ್ಲ, ಬದಲಾದುದು ಅದಕ್ಕೆ ಎದುರಾದ ಗಡಿ.

ಆ ಗಡಿಯೆಂದರೆ ಲೋಳೆಪೊರೆ. ಅದನ್ನು ಕೋಟೆಗೋಡೆಯೆಂದು ವರ್ಣಿಸುವ ವಾಡಿಕೆ ಪಠ್ಯಪುಸ್ತಕಗಳಲ್ಲಿದೆ. ನನಗೆ ಆ ಉಪಮೆ ಒಪ್ಪಿಗೆಯಿಲ್ಲ. ಗೋಡೆಯಾಗಿದ್ದರೆ ನಾವು ಉಣ್ಣುವುದೂ ಉಸಿರಾಡುವುದೂ ಹೇಗೆ? ನಮ್ಮ ತೋಟಗಳ ಬೇಲಿಯ ನಡುವೆ ಇರುವ ತಡಮೆಯನ್ನು ನೆನೆಯಿರಿ. ಹೊರೆ ಹೊತ್ತ ಆಳು ಕಾಲೆತ್ತಿ ದಾಟಬಲ್ಲನು, ಮನೆಯ ನಾಯಿ ನುಸುಳಬಲ್ಲುದು, ದನವು ಮಾತ್ರ ದಾಟಲಾರದು. ಮುಚ್ಚಿಯೂ ಮುಚ್ಚದಂತೆ, ತೆರೆದೂ ತೆರೆಯದಂತೆ ಇರುವ ಆ ಜಾಣ್ಮೆಯೇ ಲೋಳೆಪೊರೆಯ ಜಾಣ್ಮೆ. ಒತ್ತಾಗಿ ಹೆಣೆದ ಜೀವಕೋಶಗಳು, ಅವುಗಳ ಮೇಲೆ ಅಂಟುಲೋಳೆ, ಆ ಲೋಳೆಯಲ್ಲಿ ಕರಗಿರುವ ರಕ್ಷಕ ದ್ರವ್ಯಗಳು, ಇವೆಲ್ಲ ಸೇರಿ ಒಂದು ತಡಮೆ. ಆ ರಕ್ಷಕ ದ್ರವ್ಯಗಳ ಪೈಕಿ ಮುಖ್ಯವಾದುದು ಇಮ್ಯುನೊಗ್ಲಾಬ್ಯುಲಿನ್ ಎ ಎಂಬ ಪ್ರತಿಕಾಯ. ನಮ್ಮ ಶರೀರವು ದಿನದಿನವೂ ತಯಾರಿಸುವ ಇತರ ಎಲ್ಲ ಪ್ರತಿಕಾಯಗಳ ಒಟ್ಟು ಮೊತ್ತಕ್ಕಿಂತ ಇದೊಂದರ ಮೊತ್ತವೇ ಅಧಿಕ. ರಕ್ತದಲ್ಲಿ ಸಂಚರಿಸುವ ಅದರ ದಾಯಾದಿಗಳು ಶತ್ರುವನ್ನು ಹಿಡಿದು ಕೊಲ್ಲಿಸುವ ಸ್ವಭಾವದವು, ಇದು ಹಾಗಲ್ಲ. ಎರಡೆರಡು ಅಣುಗಳು ಬೆಸೆದುಕೊಂಡು ಜೊಲ್ಲಿಗೆ ಇಳಿದು, ಬ್ಯಾಕ್ಟೀರಿಯಗಳನ್ನು ಪರಸ್ಪರ ಅಂಟಿಸಿ, ಪೊರೆಗೆ ತಾಗಗೊಡದೆ, ಲೋಳೆಯೊಡನೆ ನುಂಗಿಸಿಬಿಡುತ್ತದೆ. ಕೊಲೆಯಿಲ್ಲ, ಗದ್ದಲವಿಲ್ಲ, ಬಂದವನಿಗೆ ಜಗಲಿಯಲ್ಲಿಯೇ ನೀರು ಬೆಲ್ಲ ಕೊಟ್ಟು ಸಾಗಹಾಕಿದಂತೆ. ನ್ಯುಮೊಕಾಕಸ್ಸೂ ಕಡಿಮೆಯದಲ್ಲ. ಈ ಪ್ರತಿಕಾಯವನ್ನೇ ನಡುವಿಗೆ ಕತ್ತರಿಸುವ ಕಿಣ್ವವೊಂದನ್ನು ಅದು ಇಟ್ಟುಕೊಂಡಿದೆ.

ಇಂತಹ ಪ್ರತಿಕಾಯಗಳ ಪಾಠ ನಡೆಯುವ ಎಡೆಗಳೂ ಗಂಟಲಿನಲ್ಲಿಯೇ ಇವೆ. ಕಿರುನಾಲಗೆಯ ಎಡಬಲಗಳಲ್ಲಿ ಕಾಣುವ ಗಲಗ್ರಂಥಿಗಳನ್ನೂ, ನಾಲಗೆಯ ಬುಡದಲ್ಲಿಯೂ ಮೂಗಿನ ಹಿಂಬದಿಯಲ್ಲಿಯೂ ಅಡಗಿರುವ ಅವುಗಳ ಬಂಧುಗಳನ್ನೂ ಒಂದು ವಲಯವಾಗಿ ಕಂಡು 1884ರಲ್ಲಿ ವರ್ಣಿಸಿದವನು ಜರ್ಮನಿಯ ಅಂಗರಚನಾಶಾಸ್ತ್ರಜ್ಞ ವಾಲ್ಡೆಯರ್. ಕ್ರೋಮೊಸೋಮ್, ನ್ಯೂರಾನ್ ಎಂಬ ಎರಡು ಹೆಸರುಗಳನ್ನು ಲೋಕಕ್ಕೆ ಕೊಟ್ಟವನೂ ಇವನೇ. ಹೊರಗಿನಿಂದ ಬಂದುದನ್ನು ಚಿಟಿಕೆಯಷ್ಟು ಒಳಗೆ ಸೆಳೆದು, ಪರೀಕ್ಷಿಸಿ, ಯಾವುದಕ್ಕೆ ಯಾವ ಪ್ರತಿಕಾಯ ಬೇಕೆಂದು ಬಿಳಿರಕ್ತಕಣಗಳಿಗೆ ಕಲಿಸುವ ಪಾಠಶಾಲೆಗಳು ಇವು. ನನ್ನ ಬಾಲ್ಯದಲ್ಲಿ ಮಕ್ಕಳ ಗಲಗ್ರಂಥಿಗಳನ್ನು ನಿರುಪಯುಕ್ತವೆಂದು ಕಿತ್ತುಹಾಕುವುದು ವೈದ್ಯರ ಒಂದು ಹವ್ಯಾಸವೇ ಆಗಿದ್ದಿತು. ನನ್ನವೂ ಹೋಗಿವೆ.

ಈ ಪಾಠಶಾಲೆಯ ಉಪಾಧ್ಯಾಯರೆಂದರೆ ಸಿಡಿ4 ಎಂಬ ಗುರುತನ್ನು ಮೈಮೇಲೆ ಹೊತ್ತ ಟಿ ಕಣಗಳು. ಎಚ್‌ಐವಿಯು ತನ್ನ ಬೀಗದ ಕೈಯನ್ನು ಹಾಕುವುದು ನೇರವಾಗಿ ಆ ಗುರುತಿಗೇ. 1981ರ ಜೂನಿನಲ್ಲಿ ಲಾಸ್ ಏಂಜಲಿಸ್ ನಗರದ ಐವರು ತರುಣರಲ್ಲಿ ಅಪೂರ್ವವಾದ ನ್ಯುಮೋನಿಯವೊಂದು ಕಂಡುಬಂದಿತೆಂಬ ಪುಟ್ಟ ವರದಿಯಿಂದ ಈ ರೋಗದ ಚರಿತ್ರೆ ತೊಡಗಿತು. 1983ರಲ್ಲಿ ಪಾಶ್ಚರನ ಹೆಸರಿನ ಸಂಸ್ಥೆಯಲ್ಲಿಯೇ ಫ್ರಾನ್ಸ್ವಾಸ್ ಬಾರೆ-ಸಿನೂಸಿ, ಲ್ಯೂಕ್ ಮೊಂತಾನ್ಯೆ ಮತ್ತವರ ಸಂಗಡಿಗರು ವೈರಾಣುವನ್ನು ಬೇರ್ಪಡಿಸಿದರು. 1986ರಲ್ಲಿ ಚೆನ್ನೈಯಲ್ಲಿ ಡಾ. ಸುನೀತಿ ಸೋಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಭಾರತದಲ್ಲಿಯೂ ಅದು ಇದೆಯೆಂದು ತೋರಿಸಿಕೊಟ್ಟರು. ಇವೆಲ್ಲ ನಿಮಗೆ ತಿಳಿದಿರಬಹುದಾದ ಸಂಗತಿಗಳು.

ಬಹುಕಾಲ ನಾವು ವೈದ್ಯರೂ ಗ್ರಹಿಸದೆ ಹೋದ ಸಂಗತಿ ಬೇರೊಂದುಂಟು. ಸಿಡಿ4 ಕಣಗಳನ್ನು ನಾವು ರಕ್ತದಲ್ಲಿ ಎಣಿಸುತ್ತೇವೆ. ಏಕೆಂದರೆ ರಕ್ತವನ್ನು ತೆಗೆಯುವುದು ಸುಲಭ. ಆದರೆ ಆ ಕಣಗಳ ಬಹುಸಂಖ್ಯೆಯು ಇರುವುದು ರಕ್ತದಲ್ಲಲ್ಲ, ಲೋಳೆಪೊರೆಗಳಲ್ಲಿ ಮತ್ತು ದುಗ್ಧಗ್ರಂಥಿಗಳಲ್ಲಿ. ಸೋಂಕು ತಗಲಿದ ಕೆಲವೇ ವಾರಗಳಲ್ಲಿ, ರಕ್ತದ ಎಣಿಕೆ ಇನ್ನೂ ಮರ್ಯಾದೆಯಾಗಿಯೇ ಇರುವಾಗ, ಕರುಳಿನ ಲೋಳೆಪೊರೆಯಲ್ಲಿ ಆ ಕಣಗಳು ಅಪಾರವಾಗಿ ನಾಶವಾಗಿರುತ್ತವೆ ಎಂಬುದು ಮೊದಲು ಕೋತಿಗಳಲ್ಲಿಯೂ ಅನಂತರ ಮನುಷ್ಯರಲ್ಲಿಯೂ ಸಿದ್ಧವಾಯಿತು. ತಡಮೆ ಸಡಿಲವಾದ ಮೇಲೆ ಕರುಳಿನ ಬ್ಯಾಕ್ಟೀರಿಯಗಳ ಕವಚದ ಚೂರುಗಳು ರಕ್ತಕ್ಕೆ ಸೋರುತ್ತವೆಂದೂ, ಶರೀರವನ್ನು ವರ್ಷಾನುಗಟ್ಟಲೆ ಒಳಗೊಳಗೇ ಉರಿಸುವ ಕಿಚ್ಚಿಗೆ ಆ ಸೋರಿಕೆಯೂ ಒಂದು ಕಾರಣವೆಂದೂ 2006ರಲ್ಲಿ ಅಮೆರಿಕದ ಬ್ರೆಂಚ್ಲಿ, ಡೂಯೆಕ್ ಮೊದಲಾದವರು ಪ್ರಕಟಿಸಿದರು. ಗಂಟಲಿನ ಮಟ್ಟಿಗೆ, ಮಿನೆಸೋಟಾದ ಆಶ್ಲಿ ಹಾಸೆಯವರ ತಂಡವು 1996ರಲ್ಲಿ ಸೋಂಕಿತರ ಗಲಗ್ರಂಥಿಯ ಚೂರುಗಳನ್ನೇ ಪರೀಕ್ಷಿಸಿ, ಅಲ್ಲಿಯ ಜಾಲದಂಥ ಕೋಶಗಳ ಮೈಮೇಲೆ ವೈರಾಣುವಿನ ರಾಶಿಯೇ ಅಂಟಿಕೊಂಡಿರುವುದನ್ನು ಲೆಕ್ಕಹಾಕಿ ತೋರಿಸಿತು. ಯಾವ ಶಾಲೆಯಲ್ಲಿ ಕಾವಲುಗಾರರು ತಯಾರಾಗಬೇಕೋ ಆ ಶಾಲೆಯೇ ಶತ್ರುವಿನ ಬಿಡಾರವಾಗಿದ್ದಿತು.

ಇದರ ಫಲವನ್ನು ನೀವು ಬರಿಗಣ್ಣಿನಿಂದ ಕಾಣಬಹುದು. ಟಿ ಕಣಗಳಲ್ಲಿ ಹದಿನೇಳನೆಯ ಸಂಖ್ಯೆಯ ಇಂಟರ್‌ಲ್ಯೂಕಿನ್ ಎಂಬ ಸಂದೇಶದ್ರವ್ಯವನ್ನು ಹೊರಡಿಸುವ ಪಂಗಡವೊಂದಿದೆ. ಲೋಳೆಪೊರೆಯ ಮೇಲೆ ಶಿಲೀಂಧ್ರಗಳನ್ನು ಹತೋಟಿಯಲ್ಲಿಡುವ ಹೊಣೆ ಬಹುಮಟ್ಟಿಗೆ ಆ ಪಂಗಡದ್ದು, ಮತ್ತು ವೈರಾಣುವಿಗೆ ಬೇಗನೆ ಬಲಿಯಾಗುವುದೂ ಅದೇ. ಅದು ಕುಗ್ಗಿದಾಗ, ಎಲ್ಲರ ಬಾಯಿಯಲ್ಲಿಯೂ ಮುದುರಿಕೊಂಡಿರುವ ಕ್ಯಾಂಡಿಡ ಎಂಬ ಬೂಷ್ಟು ನಾಲಗೆ ಅಂಗುಳುಗಳ ಮೇಲೆ ಮೊಸರು ಚೆಲ್ಲಿದಂತೆ ಬಿಳಿಯಾಗಿ ಹರಡುತ್ತದೆ, ನುಂಗುವುದು ನೋವಾಗುತ್ತದೆ. ರಕ್ತಪರೀಕ್ಷೆಗೆ ಮೊದಲೇ ಬಾಯಿ ತೆರೆಸಿ ನೋಡಿ ರೋಗವನ್ನು ಊಹಿಸಿದ ಹಳೆಯ ವೈದ್ಯರು ನಮ್ಮ ಜಿಲ್ಲೆಯಲ್ಲಿ ಅನೇಕರಿದ್ದರು. ಇನ್ನು ಪ್ರತಿಕಾಯಗಳ ಸ್ಥಿತಿಯಾದರೋ ವಿಪರೀತ ವಿನೋದದ್ದು. ಚಿಕಿತ್ಸೆಯಿಲ್ಲದವರ ರಕ್ತದಲ್ಲಿ ಪ್ರತಿಕಾಯಗಳ ಮೊತ್ತ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಆದರೆ ಬೇಕಾದ ಶತ್ರುವಿಗೆ ಬೇಕಾದ ಪ್ರತಿಕಾಯ ಅದರಲ್ಲಿ ಸಿಗುವುದಿಲ್ಲ. ಹಿಂಗಾರವೇನೋ ತುಂಬ ಬಿಟ್ಟಿತು, ನಳ್ಳಿಯೆಲ್ಲ ಉದುರಿತು ಎಂದು ಅಡಿಕೆಮರವನ್ನು ನೋಡಿ ನಿಟ್ಟುಸಿರಿಡುವ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಗಂಟಲಿನ ಬ್ಯಾಕ್ಟೀರಿಯಗಳ ಸಮುದಾಯವೇ ಬದಲಾಗುವುದೋ ಎಂಬ ಪ್ರಶ್ನೆಗೆ, ಜೀವಿಗಳನ್ನು ಬೆಳೆಸದೆಯೇ ಅವುಗಳ ವಂಶವಾಹಿಯನ್ನು ಓದುವ ವಿಧಾನ ಬಂದ ಮೇಲೆ, ಉತ್ತರಗಳು ರಾಶಿಯಾಗಿ ಬಂದಿವೆ. ಅವು ಒಂದನ್ನೊಂದು ಒಪ್ಪುವುದಿಲ್ಲ. ಕೆಲವರಿಗೆ ವೈವಿಧ್ಯ ಕುಗ್ಗಿದಂತೆ ಕಂಡಿತು, ಕೆಲವರಿಗೆ ಕಾಣಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಬೀಡಿ ಸೇದುವವನ ಗಂಟಲೂ ಸೇದದವನ ಗಂಟಲೂ ಒಂದೇ ಅಲ್ಲ. ಹುಳುಕುಹಲ್ಲು, ಹಿಂದಿನ ವಾರ ನುಂಗಿದ ಆಂಟಿಬಯಾಟಿಕ್, ಬಾಯೊಣಗು, ಇವೆಲ್ಲವೂ ಅಲ್ಲಿಯ ಜನಗಣತಿಯನ್ನು ತಿದ್ದುತ್ತವೆ. ಎಲೆಯಡಿಕೆಯನ್ನು ಇಲ್ಲಿ ಹೆಸರಿಸದಿದ್ದರೆ ಅಪ್ರಾಮಾಣಿಕನಾಗುವೆನು. ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೀರ್ಮಾನಿಸಿದೆ; ಬಾಯಿಯ ಪೊರೆಯನ್ನು ಅದು ನಾರುಗಟ್ಟಿಸಿ ಬಿಗಿಯುವುದನ್ನು ನಾನೂ ಕಂಡಿದ್ದೇನೆ. ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೋ ಬೇರೂರಿದ ಈ ಸೀಮೆಯಲ್ಲಿ, ಅಡಿಕೆಯ ಬೆಲೆಯನ್ನು ನೋಡಿಯೇ ಮಗಳ ಮದುವೆಯ ದಿನ ಗೊತ್ತುಮಾಡುವ ಸಭಿಕರೆದುರು ಈ ಮಾತನ್ನು ಆಡಿದ ಮೇಲೆ ಮುಂದಿನ ವರ್ಷ ನನ್ನನ್ನು ಕರೆಯಲಿಕ್ಕಿಲ್ಲ.

ಸಮುದಾಯದ ಗಣತಿ ಹೇಗೇ ಇರಲಿ, ಒಂದು ಜೀವಿಯ ವಿಷಯದಲ್ಲಿ ಸಂದೇಹವಿಲ್ಲ. ಅದು ನಾನು ಆಗಲೇ ಹೇಳಿದ ನ್ಯುಮೊಕಾಕಸ್. ಎಚ್‌ಐವಿ ಇರುವವರ ಮೂಗುಗಂಟಲುಗಳಲ್ಲಿ ಅದು ಹೆಚ್ಚು ಮಂದಿಯಲ್ಲಿ ನೆಲೆಸಿರುತ್ತದೆ, ಮತ್ತು ಅಲ್ಲಿಂದ ಶ್ವಾಸಕೋಶಕ್ಕೂ ರಕ್ತಕ್ಕೂ ಇಳಿಯುವುದು ಅವರಲ್ಲಿ ಅನೇಕ ಪಟ್ಟು ಹೆಚ್ಚು. ನಮ್ಮ ದೇಶದಲ್ಲಿ 2004ರ ಏಪ್ರಿಲ್ 1ರಿಂದ ವೈರಾಣುವನ್ನು ಹತ್ತಿಕ್ಕುವ ಎ.ಆರ್.ಟಿ. ಚಿಕಿತ್ಸೆಯನ್ನು ಸರ್ಕಾರವು ಉಚಿತವಾಗಿ ಕೊಡತೊಡಗಿತು. 2017ರಿಂದ ಸಿಡಿ4 ಎಣಿಕೆ ಎಷ್ಟೇ ಇರಲಿ, ಸೋಂಕು ಖಚಿತವಾದ ಪ್ರತಿಯೊಬ್ಬರಿಗೂ ಅದು ದೊರೆಯುತ್ತದೆ. ದಿನವೂ ನುಂಗುವ ಆ ಮಾತ್ರೆಗಳಿಂದ ಬಾಯಿಯ ಬಿಳುಪು ಮಾಯವಾಗುವುದನ್ನೂ, ಮೂಳೆಚಕ್ಕಳವಾಗಿದ್ದವರು ಮರಳಿ ಮರವೇರಿ ಕೊನೆ ಕೊಯ್ಯುವುದನ್ನೂ ಕಂಡ ನಾನು ಆ ಚಿಕಿತ್ಸೆಯನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಲೋಳೆಪೊರೆಯು ರಕ್ತದಷ್ಟು ಬೇಗ ಚೇತರಿಸುವುದಿಲ್ಲ, ಪೂರ್ತಿಯಾಗಿಯೂ ಚೇತರಿಸುವುದಿಲ್ಲ. ಆಫ್ರಿಕದ ಮಲಾವಿ ದೇಶದ ಬ್ಲಾಂಟೈರ್ ನಗರದಲ್ಲಿ, ಚಿಕಿತ್ಸೆಯಲ್ಲಿದ್ದವರ ಗಂಟಲಿನಲ್ಲಿಯೂ ನ್ಯುಮೊಕಾಕಸ್ ಬಿಡಾರ ಕಿತ್ತಿರಲಿಲ್ಲವೆಂದು ತಿಳಿದುಬಂದಿತು. ಲಸಿಕೆಯೂ ಸರಳವಾದ ಉತ್ತರವಾಗಲಿಲ್ಲ: ಬ್ಯಾಕ್ಟೀರಿಯದ ಸಕ್ಕರೆಯ ಹೊದಿಕೆಯನ್ನಷ್ಟೇ ಬಳಸಿ ಮಾಡಿದ ಹಳೆಯ ಲಸಿಕೆಯು ಉಗಾಂಡದಲ್ಲಿ ಸೋಂಕಿತರಿಗೆ ಪ್ರಯೋಜನವಾಗಲಿಲ್ಲವೆಂದು 2000ದಲ್ಲಿ ವರದಿಯಾಯಿತು, ಆ ಸಕ್ಕರೆಯನ್ನು ಪ್ರೋಟೀನಿಗೆ ಬೆಸೆದು ಟಿ ಕಣಗಳ ನೆನಪನ್ನೂ ಎಬ್ಬಿಸುವ ಹೊಸ ಲಸಿಕೆಯು, 2010ರಲ್ಲಿ ಪ್ರಕಟವಾದ ಮಲಾವಿಯ ಪರೀಕ್ಷೆಯಲ್ಲಿ, ಅದು ಗುರಿಯಿಟ್ಟ ಬಗೆಗಳ ತೀವ್ರ ರೋಗವು ಮರುಕಳಿಸುವುದನ್ನು ಶೇಕಡ 74ರಷ್ಟು ತಡೆಯಿತು. ಸಿಡಿ4 ಎಣಿಕೆ ಕೆಳಗಿರುವವರಿಗೆ ಕೋಟ್ರೈಮಾಕ್ಸಜೋಲ್ ಎಂಬ ಆಂಟಿಬಯಾಟಿಕ್ ಮಾತ್ರೆಯನ್ನು ದಿನವೂ ಕೊಡುವ ಪದ್ಧತಿಯಿದೆ. ಕೊಳೆರೋಗ ಕಾಣುವ ಮೊದಲೇ ಮೈಲುತುತ್ತಿನ ಮದ್ದು ಬಿಡುವಂತಹ ಜಾಣತನ ಅದು, ಪ್ರಾಣಗಳನ್ನು ಉಳಿಸಿದೆ. ಆದರೆ ಆ ಮಾತ್ರೆಗೆ ಬಗ್ಗದ ಬ್ಯಾಕ್ಟೀರಿಯಗಳೇ ಗಂಟಲಿನಲ್ಲಿ ಉಳಿದು ಬಲಿಯುವುದೂ ಅಷ್ಟೇ ನಿಜ.

ಈಗ ಲೋಟಕ್ಕೆ ಬರೋಣ. ಎಚ್‌ಐವಿಯ ಮಟ್ಟಿಗೆ ಜೊಲ್ಲು ಒಂದು ಪ್ರತಿಕೂಲ ಪ್ರದೇಶ. ವೈರಾಣು ಅದರಲ್ಲಿ ಬಹಳ ಅಲ್ಪ. ರಕ್ತಕ್ಕಿಂತ ತೆಳುವಾದ ಆ ದ್ರವದಲ್ಲಿ ಸೋಂಕುಹೊತ್ತ ಕಣಗಳು ನೀರು ಕುಡಿದು ಒಡೆಯುತ್ತವೆ. ಅದರಲ್ಲಿರುವ ಕೆಲವು ಪ್ರೋಟೀನುಗಳು ವೈರಾಣುವನ್ನು ತಡೆಯುತ್ತವೆ. ಲೋಟದಿಂದಾಗಲಿ, ಒಂದೇ ಬಾಳೆಲೆಯ ಪಂಕ್ತಿಯಿಂದಾಗಲಿ, ಕೆಮ್ಮಿನಿಂದಾಗಲಿ ಅದು ಹರಡುವುದಿಲ್ಲ. ಚಿಕಿತ್ಸೆಯನ್ನು ಕ್ರಮವಾಗಿ ತೆಗೆದುಕೊಂಡು ರಕ್ತದಲ್ಲಿ ವೈರಾಣು ಪತ್ತೆಗೆ ಸಿಗದಷ್ಟು ಕುಗ್ಗಿದವರಿಂದ ದಾಂಪತ್ಯದಲ್ಲಿಯೂ ಹರಡುವುದಿಲ್ಲ. ಇದು ನಾನು ಅಂದು ಹೇಳಿದ ಅರ್ಧ. ನಾನು ಹೇಳದೆ ಉಳಿಸಿದ ಅರ್ಧವೆಂದರೆ, ಆ ಮನೆಯಲ್ಲಿ ಗಂಟಲಿನಿಂದ ಗಂಟಲಿಗೆ ಅಪಾಯವು ದಾಟುವುದಾದರೆ ಅದು ಮಗನಿಂದ ತಾಯಿಗೆ ಅಲ್ಲ, ತಾಯಿಯಿಂದ ಮಗನಿಗೆ ಎಂಬುದು. ನಮ್ಮ ನಿಮ್ಮ ಗಂಟಲಿನಲ್ಲಿ ಸಾಧುವಾಗಿರುವ ನ್ಯುಮೊಕಾಕಸ್ಸು, ನಮಗೆ ನಾಲ್ಕು ದಿನದ ಶೀತವಷ್ಟೇ ಆಗಿ ಹೋಗುವ ವೈರಾಣು, ಹಿರಿಯರು ‘ಹಳೇ ಕೆಮ್ಮು’ ಎಂದು ಉಪೇಕ್ಷಿಸುವ ಕ್ಷಯ, ಇವೆಲ್ಲ ತಡಮೆ ಸಡಿಲಗೊಂಡವನ ಕಡೆಗೆ ಹರಿಯುತ್ತವೆ. ಭಯಕ್ಕೆ ನಾವು ಕೊಟ್ಟ ದಿಕ್ಕು ತಿರುವುಮುರುವಾಗಿದ್ದಿತು.

ಈ ತಿರುವುಮುರುವು ಬರಿಯ ವಿಚಾರದ ತಪ್ಪಾಗಿ ಉಳಿಯಲಿಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ಗುರುತಿನವರು ಕಂಡಾರೆಂದು, ಒಂದು ಇಡೀ ದಿನವನ್ನೂ ಕೂಲಿಯನ್ನೂ ಕಳೆದುಕೊಂಡು, ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯ ಎ.ಆರ್.ಟಿ. ಕೇಂದ್ರಕ್ಕೆ ಬಸ್ಸು ಹಿಡಿಯುತ್ತಿದ್ದವರನ್ನು ನಾನು ಬಲ್ಲೆನು. ಮಳೆಗಾಲದಲ್ಲಿ ಮುಚ್ಚಿದ ಕಿಟಕಿಗಳ ಬಸ್ಸಿನಲ್ಲಿ, ಕೆಮ್ಮುವ ಜನರ ನಡುವೆ, ಮೂರು ಗಂಟೆ. ರೋಗಿಯ ಗುಟ್ಟನ್ನು ಹೊರಗೆಡಹುವುದನ್ನೂ ಅವನಿಗೆ ತಾರತಮ್ಯ ಮಾಡುವುದನ್ನೂ ನಿಷೇಧಿಸುವ ಕಾಯಿದೆ 2017ರಲ್ಲಿ ಅಂಗೀಕೃತವಾಗಿ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿದೆ. ಆದರೆ ಜಗಲಿಯ ದಳಿಯವರೆಗೆ ಕಾಯಿದೆಯ ಕೈ ನೀಳುವುದಿಲ್ಲ.

ಆ ತರುಣನು ಕೆಲವು ವರ್ಷಗಳ ಅನಂತರ, ಮಳೆಗಾಲದ ಆಟಿ ತಿಂಗಳ ಒಂದು ದಿನ, ಮತ್ತೆ ಬಂದಿದ್ದನು. ಎದೆ ಸ್ವಚ್ಛವಾಗಿದ್ದಿತು, ನಾಲಗೆ ಕೆಂಪಾಗಿದ್ದಿತು. ನಾನು ಈ ಸಲ ಅವಸರಪಡದೆ, ಉಳಿದರ್ಧವನ್ನೂ ಕೂತು ಹೇಳಿದೆನು: ಮನೆಯಲ್ಲಿ ಯಾರಿಗಾದರೂ ಕೆಮ್ಮಿದ್ದರೆ ಅವರು ಬಾಯಿಗೆ ಬಟ್ಟೆ ಹಿಡಿಯಲಿ, ಎರಡು ವಾರ ಮೀರಿದರೆ ಕಫ ಪರೀಕ್ಷೆಯಾಗಲಿ ಎಂದು. ಅವನು ತಲೆಯಾಡಿಸಿ ಹೋದನು. ಮರುತಿಂಗಳು ಬಂದಾಗ, ಲೋಟದ ಸುದ್ದಿಯನ್ನು ನಾನು ಕೇಳುವ ಮೊದಲೇ ಅವನೇ ನಗುತ್ತ ಹೇಳಿದನು: “ಅಮ್ಮನಿಗೆ ಶೀತ ಆಗಿದೆ ಡಾಕ್ಟ್ರೇ. ದಳಿಯಲ್ಲಿ ಈಗ ಇರುವುದು ಅವರ ಲೋಟ. ಅವರೇ ಇಟ್ಟುಕೊಂಡದ್ದು.”